ಗಸಗಸೆ ಕಾರಣವಾಗಿದ್ದರೆ

ಯುಗಾದಿಯ ಮಧ್ಯಾಹ್ನ ಗಸಗಸೆ ಪಾಯಸ ಕುಡಿದು ಮಲಗಿದ ಮಗಳು ಹನ್ನೊಂದು ದಿನ ಸರಿಯಾಗಿ ಏಳಲಿಲ್ಲ. ಮುಂಬಯಿ ಹತ್ತಿರದ ಕಳವಾ ಎಂಬ ಊರಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಉಣ್ಣಿಸುತ್ತಿದ್ದೆ. ಗುರುತಿಲ್ಲದವಳಂತೆ ನನ್ನನ್ನು ನೋಡಿ, ಕೊಟ್ಟದ್ದನ್ನೆಲ್ಲ ಗಬಗಬ ತಿಂದು ಮತ್ತೆ ಮಲಗುತ್ತಿದ್ದಳು. ಹನ್ನೆರಡನೆಯ ದಿನ ಏನೂ ಆಗದವಳಂತೆ ಎದ್ದು ತಲೆ ಬಾಚಿಕೊಂಡಳು. ಮನೆಯಲ್ಲಿದ್ದ ಗಸಗಸೆಯನ್ನೆಲ್ಲ ನಾನು ಮೋರಿಗೆ ಸುರಿದೆ.

ದೀಪಾವಳಿಗೆ ಪಕ್ಕದ ಮನೆಯ ಮರಾಠಿ ಅಜ್ಜಿ ಅನಾರಸೆ ಎಂಬ ಕರಿದ ಸಿಹಿತಿಂಡಿ ಕೊಟ್ಟರು. ಅದಕ್ಕೂ ಗಸಗಸೆ ಮೆತ್ತಿರುತ್ತದೆಂದು ನೆನಪಾಗುವಷ್ಟರಲ್ಲಿ ಮಗಳು ಎರಡು ತಿಂದಿದ್ದಳು. ಮತ್ತೆ ಒಂಬತ್ತು ದಿನ ಅದೇ ನಿದ್ದೆ.

"ನಾನಽ ತಿನಿಸಿ ಕೆಡಿಸೀನ್ರಿ," ಎಂದು ಪಕ್ಕದ ಠಾಣೆ ಶಹರದ ಡಾಕ್ಟರರ ಮುಂದೆ ಒಪ್ಪಿಕೊಂಡೆ. ಅವರು ಮಂಗಳೂರು ಕಡೆಯವರು.

"ಗಸಗಸೆಯಿಂದ ಅಲ್ಲ ಮಾರಾಯ್ರೆ. ಮಿದುಳಲ್ಲಿ ನಿದ್ದೆ, ಹಸಿವು ನೋಡಿಕೊಳ್ಳುವ ಒಂದು ಜಾಗ ಉಂಟು. ನಮ್ಮನ್ನು ಎಚ್ಚರ ಇಡುವ ರಾಸಾಯನಿಕಗಳು ಅಲ್ಲಿ ಏರುಪೇರು ಆಗ್ತವೆ ಅಂತ ಅನುಮಾನ. ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಮತ್ತ ಯಾವಾಗ ಬರತೈತ್ರಿ?"

"ಅದು ಹೇಳ್ಲಿಕ್ಕೆ ಆಗುದಿಲ್ಲ."

ತಪ್ಪು ನನ್ನದಲ್ಲವೆಂದು ಕೇಳಿ ನಮ್ಮ ಮನೆಯವರು ಹಗುರಾದರು. ನನ್ನ ಹೆದರಿಕೆ ಮಾತ್ರ ಹೆಚ್ಚಿತು. ಗಸಗಸೆಯಾಗಿದ್ದರೆ ಮನೆಯೊಳಗೆ ಬಿಟ್ಟುಕೊಳ್ಳದೆ ಇರಬಹುದಿತ್ತು. ಅವಳ ತಲೆಯೊಳಗೆ ಕಾವಲು ಕೂರುವುದು ಹೇಗೆ?

ಈಗ ದಿನಾ ಬೆಳಿಗ್ಗೆ ಆರಕ್ಕೆ ಅವಳ ಹೆಗಲು ಅಲುಗಿಸುವಾಗ ಉಸಿರು ಬಿಗಿಹಿಡಿದಿರುತ್ತೇನೆ. "ಮಮ್ಮಿ, ಪಾಂಚ್ ಮಿನಿಟ್ ಔರ್," ಎಂದು ಮಗ್ಗುಲು ಬದಲಿಸುತ್ತಾಳೆ. ಎಲ್ಲರ ಮನೆಯ ಮಕ್ಕಳೂ ಹಾಗೇ ಅನ್ನುತ್ತಾರೆ. ಒಲೆಯ ಮೇಲೆ ಚಹಾ ಉಕ್ಕಿದರೂ ಸರಿ, ಆ ಐದು ನಿಮಿಷ ನಾನು ಹಾಸಿಗೆಯ ಪಕ್ಕದಿಂದ ಏಳುವುದಿಲ್ಲ.