ಅಂಚೆ ಕಾಲೇಜಿನ ಅಣ್ಣ

ಅಣ್ಣನ ಎಡಗೈ ಹೆಬ್ಬೆರಳಿನ ಮೇಲೆ ಸದಾ ಒಣಗಿದ ಅಂಟು ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಉಗುರಿನಿಂದ ಕೆರೆದು ಸಿಪ್ಪೆಯಂತೆ ಎಬ್ಬಿಸುತ್ತಿದ್ದ. ಮೈದಾ ಹಿಟ್ಟು ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ತಾನೇ ಮಾಡಿಕೊಂಡ ಅಂಟು. "ಇಷ ಕಣ್ರೀ ಅದು, ಕೈ ತೊಳ್ಕಂಡು ಉಣ್ಣಿ" ಎಂದು ಅತ್ತಿಗೆ ದಿನಾ ಬೈಯುತ್ತಿದ್ದರು. ಅದು ಬೇಕಾಗಿದ್ದುದು ಅರ್ಜಿಗಳಿಗೆ ಫೋಟೊ ಅಂಟಿಸಲು.

ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಅಟೆಂಡರ್. ಸಾಹೇಬರ ಬಾಗಿಲ ಮುಂದಿನ ಸ್ಟೂಲಿನ ಮೇಲೆ ಕೂತೇ, ಮೈಸೂರಿನಿಂದ ಅಂಚೆಯಲ್ಲಿ ಬರುವ ಪುಸ್ತಕಗಳನ್ನು ಓದಿ ಬಿ.ಎ. ಮಾಡಿದ್ದ. ಮೂರು ವರ್ಷದ ಓದು ಮುಗಿಯಲು ಏಳು ವರ್ಷ ಹಿಡಿಯಿತು. ಪಾಸಾದ ಮೇಲೂ ಅದೇ ಸ್ಟೂಲು. ಆದರೆ ಆಮೇಲೆ ಅವನಿಗೊಂದು ಹುಚ್ಚು ಹತ್ತಿತು. ಅರ್ಧಕ್ಕೆ ಶಾಲೆ ಬಿಟ್ಟ ದೊಡ್ಡವರನ್ನು ಹುಡುಕಿ ಹುಡುಕಿ ಆ ಅಂಚೆ ಕಾಲೇಜಿಗೆ ಸೇರಿಸುವುದು. ಹತ್ತನೇ ಕ್ಲಾಸು ಮುಗಿಸದವರೂ ವಯಸ್ಸಾಗಿದ್ದರೆ ಒಂದು ಪ್ರವೇಶ ಪರೀಕ್ಷೆ ಬರೆದು ಸೇರಬಹುದಿತ್ತು. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು ಬರುತ್ತವೆ, ಓದಿದವರು ಬೇಕಾಗುತ್ತಾರೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ಸಂತೆಯ ದಿನ ರಜೆ ಹಾಕಿ ಸಂತೆಮರಹಳ್ಳಿಯ ಬಸ್ ನಿಲ್ಲುವ ಜಾಗದಲ್ಲಿ ನಿಲ್ಲುತ್ತಿದ್ದ. ವಯಸ್ಸು ಕೇಳುತ್ತಿರಲಿಲ್ಲ, ಎಷ್ಟನೇ ಕ್ಲಾಸಿಗೆ ಬಿಟ್ಟೆ ಎಂದೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಜನ ಮುಖ ತಿರುಗಿಸುತ್ತಾರೆ ಎನ್ನುತ್ತಿದ್ದ. "ಇಸ್ಕೂಲಲ್ಲಿ ಯಾವ್ ಪಾಠ ಇಷ್ಟ ಇತ್ತು?" ಎಂದು ಶುರು ಮಾಡುತ್ತಿದ್ದ. ಕೇಳಿಸಿಕೊಂಡವರು ಏನೋ ನೆನಪಿಸಿಕೊಂಡು ನಗುತ್ತಿದ್ದರು. ಅಷ್ಟು ಹೊತ್ತಿಗೆ ಅರ್ಜಿ ಅವರ ಕೈಯಲ್ಲಿರುತ್ತಿತ್ತು.

"ಬಿಯೆ ಮಾಡ್ಬುಟ್ರೆ ನನ್ ಎತ್ತು ಇಂಗ್ಲಿಷ್ನಲ್ಲಿ ಮಾತ್ ಕೇಳ್ತದಾ?" ಎಂದು ಒಬ್ಬ ಕೆಣಕಿದ್ದ.

"ಎತ್ತು ಕೇಳದಿಲ್ಲ ಕಣ್ಲಾ, ಎಡ್ತಿ ಕೇಳ್ತಾಳೆ" ಎಂದ ಅಣ್ಣ. ಸುತ್ತ ಇದ್ದವರೆಲ್ಲ ನಕ್ಕರು. ಕೆಣಕಿದವನೇ ಫೋಟೊ ತಂದುಕೊಟ್ಟ.

ಆದರೆ ಹೆಂಗಸರು ಅವನ ಮಾತಿಗೆ ಬಗ್ಗುತ್ತಿರಲಿಲ್ಲ. ಅದಕ್ಕೆ ನನ್ನನ್ನು ಸೇರಿಸಿದ. ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ಗುಂಡ್ಲುಪೇಟೆಗೆ ಮದುವೆಯಾಗಿ ಬಂದು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದೆ. ಪ್ರವೇಶ ಪರೀಕ್ಷೆಯನ್ನು ಅವನು ಕಲಿಸಿದ್ದರಿಂದ ಹೇಗೋ ದಾಟಿದೆ. ಆಮೇಲೆ ಅಣ್ಣ ಭಾನುವಾರ ಭಾನುವಾರ ಬಸ್ಸು ಹತ್ತಿ ಬಂದು, ಬೀದಿಯ ಹೆಂಗಸರಿಗೆ ನನ್ನನ್ನು ತೋರಿಸುತ್ತಿದ್ದ. "ನನ್ ತಂಗಿ ನೋಡ್ರವ್ವ. ಮಿಷನ್ನೂ ತುಳೀತಾಳೆ, ಬಿಯೆನೂ ಓದ್ತಾಳೆ."

ನಾನು ಓದುತ್ತಿರಲಿಲ್ಲ. ಪುಸ್ತಕದ ಪದಗಳನ್ನು ಕೂಡಿಸಿಕೊಂಡು ಓದಬಲ್ಲೆ, ಅರ್ಥ ತಲೆಗೆ ಇಳಿಯುತ್ತಿರಲಿಲ್ಲ. ಅತ್ತೆ ದೊಡ್ಡ ಮನಸ್ಸು ಮಾಡಿ ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಟ್ಟಿದ್ದರು. ಆ ಹೊತ್ತಿನಲ್ಲಿ ಪುಸ್ತಕದ ಪುಟಗಳನ್ನು ಇದ್ದದ್ದು ಇದ್ದ ಹಾಗೆ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಅಣ್ಣ ಬಂದು ತುಂಬಿದ ಹಾಳೆಗಳನ್ನು ತಿರುವಿ, "ಅಕ್ಷರ ದುಂಡಗವೆ ಕಣಮ್ಮಿ" ಎಂದು ಸಂತೋಷಪಡುತ್ತಿದ್ದ. ಮೈಸೂರಿನಲ್ಲಿ ಮೊದಲ ವರ್ಷದ ಪರೀಕ್ಷೆಗೆ ಕೂತಾಗಲೂ ನಾನು ಮಾಡಿದ್ದು ಅದನ್ನೇ. ಪ್ರಶ್ನೆಗಳನ್ನು ಅಂದವಾಗಿ ಉತ್ತರ ಪತ್ರಿಕೆಗೆ ಇಳಿಸಿ ಎದ್ದು ಬಂದೆ.

ಫಲಿತಾಂಶದ ಕಾಗದ ಬಂತು. ಎಲ್ಲದರಲ್ಲೂ ಫೇಲು. ಅದನ್ನು ಮಡಚಿ ಮಿಷನ್ನಿನ ಡ್ರಾಯರಿಗೆ ಹಾಕಿದೆ.

ಆ ಭಾನುವಾರ ಅಣ್ಣನ ಜೊತೆ ಇನ್ನೊಬ್ಬರು ಬಂದಿದ್ದರು. ನಮ್ಮ ತಾಲೂಕಿನದೇ ಮದ್ದೂರು ಕಡೆಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಸಹಾಯಕಿ. ಪಾಠ ಹೇಳುವ ಟೀಚರಾಗಬೇಕೆಂದು ಆಕೆಗೆ ಆಸೆ. ಕೈಯಲ್ಲಿ ಅರ್ಜಿ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ಕೂತಿದ್ದಳು.

"ಬಂತಾ ರಿಸಲ್ಟು?" ಎಂದ ಅಣ್ಣ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಂಗನವಾಡಿಯ ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ಪಾಸು" ಎಂದೆ.

ಅಣ್ಣ ಬಸ್ ಸ್ಟ್ಯಾಂಡಿನವರೆಗೆ ಓಡಿ ಕಲ್ಲುಸಕ್ಕರೆ ತಂದು ಬೀದಿಗೆಲ್ಲ ಹಂಚಿದ. ಆಕೆ ಅಲ್ಲೇ ಸಹಿ ಹಾಕಿದಳು. ಆಮೇಲೆ ನಮ್ಮ ಬೀದಿಯ ಇನ್ನೂ ಐದು ಹೆಂಗಸರು ಸೇರಿದರು.

ಪ್ರವೇಶ ಪರೀಕ್ಷೆ ದಾಟಿದ ಅಂಗನವಾಡಿಯ ಆಕೆ ಮರುವರ್ಷ ಮೊದಲ ಪರೀಕ್ಷೆ ಬರೆದಳು. ಎರಡು ಪೇಪರಿನಲ್ಲಿ ಫೇಲಾದಳು, ಬರೀ ಎರಡರಲ್ಲಿ. "ಆ ಏಳ್ನೇ ಕ್ಲಾಸಿನ ಟೈಲರಮ್ಮ ಒಂದೇ ಏಟ್ಗೆ ಪಾಸಂತೆ, ನಿಂಗೇನ್ ಬಂದಿತ್ತು ರೋಗ?" ಎಂದು ಗಂಡ ಪುಸ್ತಕಗಳನ್ನು ಒಲೆಗೆ ಹಾಕಿದ. ಆಕೆ ಕಣ್ಣು ಊದಿಸಿಕೊಂಡು ನನ್ನ ಹತ್ತಿರ ಬಂದು, "ನೀನ್ ಹೆಂಗ್ ಓದ್ದೆ ಯೋಳಕ್ಕಾ? ನನ್ ತಲೇಲೇ ಏನೋ ಕೊರೆ ಅದೆ" ಎಂದಳು. ಡ್ರಾಯರು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಆ ಕಾಗದ ತೆಗೆದು ತೋರಿಸಿದ್ದರೆ ಆಕೆ ನಗುತ್ತಿದ್ದಳೋ ಏನೋ, ಇನ್ನೊಂದು ಸಲ ಪರೀಕ್ಷೆಗೆ ಕೂರುತ್ತಿದ್ದಳು. "ಬೆಳಿಗ್ಗೆ ಬೇಗ ಎದ್ದು ಓದ್ಬೇಕು" ಎಂದೆ. ಆಕೆ ಮತ್ತೆ ಪರೀಕ್ಷೆಗೆ ಹೋಗಲಿಲ್ಲ.

ಅಣ್ಣ ತನ್ನನ್ನೇ ಬೈದುಕೊಂಡ. "ನಾನೇ ಸರ್ಯಾಗಿ ಯೋಳ್ಕೊಡ್ನಿಲ್ಲ ಕಣಮ್ಮಿ." ಉಳಿದ ಹೆಂಗಸರಿಗೆ ಧೈರ್ಯ ಬರಲೆಂದು, ನನ್ನ ಅಂಕಪಟ್ಟಿಗೆ ಕಟ್ಟು ಹಾಕಿಸಿ ತೋರಿಸಬೇಕೆಂದುಕೊಂಡ. ನಾನು ಕಳೆದುಹೋಗಿದೆ ಎಂದಿದ್ದೆ. ಇನ್ನೊಂದು ಪ್ರತಿ ತರಲು ಅವನೇ ಮೈಸೂರಿಗೆ ಹೋದ. ಅಲ್ಲಿನ ಗುಮಾಸ್ತರು ರಿಜಿಸ್ಟರ್ ತೆಗೆದು ತೋರಿಸಿದರಂತೆ.

ಅವತ್ತೇ ಸಂಜೆ ನಮ್ಮ ಮನೆಗೆ ಬಂದ. ನೀರು ಕೊಟ್ಟೆ, ಕುಡಿಯಲಿಲ್ಲ. ಅತ್ತೆ ಒಳಗೆ ಹೋಗುವವರೆಗೂ ಕಾದು ಮೆಲ್ಲಗೆ ಅಂದ.

"ಫೇಲಾಗಿದ್ರೆ ಫೇಲು ಅನ್ನದಲ್ವಾ ಕಣಮ್ಮಿ? ಫೇಲಾದೋರ್ನೇ ಅಲ್ವಾ ನಾನು ಹುಡುಕ್ಕಂಡ್ ತಿರ್ಗದು?"

ನಾನು ಅಳತೊಡಗಿದೆ. "ನಿನ್ ಮನೇಲಿ ಗೊತ್ತಾಗದ್ ಬ್ಯಾಡ, ಬುಡು" ಎಂದು ಎದ್ದ. ಆಮೇಲೆ ಆ ಆರು ಮನೆಗಳಿಗೂ ಹೋಗಿ, ನನ್ನ ತಂಗಿ ಪಾಸಾಗಿರಲಿಲ್ಲ, ನಿಮ್ಮನ್ನು ಸೇರಿಸಬೇಕೆಂದು ನಾನೇ ಸುಳ್ಳು ಹೇಳಿದೆ, ಅವಳಿಗೂ ಹಾಗೇ ಹೇಳಿ ನಂಬಿಸಿದ್ದೆ ಎಂದು ಕೈ ಮುಗಿದ. ಸುದ್ದಿ ಸಂತೆಮರಹಳ್ಳಿಯವರೆಗೂ ಹೋಯಿತು. ಅಲ್ಲಿ ಅವನನ್ನು ಕಂಡರೆ "ಬಂದ ನೋಡ್ಲಾ ಬಿಯೆ ಮಾರೋನು" ಎನ್ನತೊಡಗಿದರು. ಯಾರೂ ಅರ್ಜಿ ಮುಟ್ಟಲಿಲ್ಲ. ಅವನು ಸಂತೆಗೆ ಹೋಗುವುದನ್ನು ಬಿಟ್ಟ. ನನ್ನ ಮನೆಗೆ ಬರುವುದನ್ನು ಬಿಡಲಿಲ್ಲ. ಬಂದರೆ ಓದಿನ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಎರಡು ವರ್ಷವೂ ಆಗಿರಲಿಲ್ಲ, ಕಾಮಾಲೆ ಬಂದು ಅಣ್ಣ ಹೋಗಿಬಿಟ್ಟ.

ಹನ್ನೊಂದನೇ ದಿನ ಅಂಗನವಾಡಿಯ ಆಕೆ ಬಂದಿದ್ದಳು. ಊಟ ಮಾಡಲಿಲ್ಲ. ನನ್ನ ಪಕ್ಕ ಕೂತು, "ಅಷ್ಟ್ ಒಳ್ಳೆ ಮನ್ಸ ಅದ್ಯಾಕಕ್ಕ ಅಂಗೆ ಸುಳ್ ಯೋಳುದ್ರು?" ಎಂದಳು. ಬೈಯಲು ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಿತ್ತು ಆಕೆಗೆ.

ಸುತ್ತ ನೆಂಟರಿದ್ದರು, ಅತ್ತೆ ಇದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ದುಃಖ ಎಂದುಕೊಂಡು ಆಕೆ ನನ್ನ ಬೆನ್ನು ಸವರಿದಳು.