ಹೆಗಲು ಬದಲಿಸಿದ ಚೀಲ

ಇದನ್ನು ಬರೆಯುತ್ತಿರುವವನು ಆಕೆಯನ್ನು ಮೊದಲು ಕಂಡದ್ದು ಬಸ್ಸಿನ ಮೆಟ್ಟಿಲಿನ ಮೇಲೆ. ಮಂಡಿನೋವಿನಿಂದ ತಡವರಿಸುತ್ತ ಹತ್ತುತ್ತಿದ್ದಾಗ ಮೇಲಿನಿಂದ ಧ್ವನಿ ಬಂತು: "ನಿಧಾನ ಮೇಷ್ಟ್ರೇ, ಬಸ್ಸು ಓಡಿಹೋಗಲ್ಲ. ಸೀಟಿ ನನ್ನ ಬಾಯಲ್ಲೇ ಇದೆ." ಕೊಡೆ ಹಿಡಿದ ರೀತಿಯಿಂದಲೇ ಇವನು ಮೇಷ್ಟ್ರೆಂದು ಆಕೆ ಗುರುತಿಸಿದಳಂತೆ.

ಕಂಡಕ್ಟರ್ ಕೆಲಸದ ಆಕೆಯನ್ನು ಎಲ್ಲರೂ ಸೀಟಿಯಕ್ಕ ಎಂದೇ ಕರೆಯುತ್ತಿದ್ದರು. ಬಸ್ಸು ಖಾಲಿಯಿದ್ದರೂ ಕೂತವಳಲ್ಲ. ಕೊನೆಯ ನಿಲ್ದಾಣದಲ್ಲಿ ಡ್ರೈವರಣ್ಣ ಕಣ್ಣು ಮುಚ್ಚಿದರೆ, ಇವಳು ಬಸ್ಸಿಗೆ ಸುತ್ತು ಹಾಕುತ್ತ ಒಂದೊಂದು ಚಕ್ರವನ್ನೂ ಒದ್ದು ನೋಡುವಳು. "ತಾಯೀ, ಚಕ್ರ ನಿನಗೇನು ಮಾಡಿತ್ತು?" ಎಂದು ಆತ ಗೊಣಗುವನು.

ಒಂದು ದಿನ ಅವಳಿಗೆ ಎಡಗಡೆ, ಎದೆಯ ಅಂಚಿನಲ್ಲಿ, ಚೀಲದ ಪಟ್ಟಿ ಒತ್ತುವ ಜಾಗದಲ್ಲೇ ಒಂದು ಗಂಟು ಕೈಗೆ ಸಿಕ್ಕಿತು. ಚರ್ಮದ ಚೀಲ ಹೊತ್ತವರಿಗೆ ಹೆಗಲು ಕೆಂಪಾಗುವುದು, ದಡ್ಡುಗಟ್ಟುವುದು ಹೊಸತೇನಲ್ಲ. ನೋವೂ ಇರಲಿಲ್ಲ. ಅವಳು ಚೀಲವನ್ನು ಬಲ ಹೆಗಲಿಗೆ ಬದಲಿಸಿ, ಗಂಟು ಕರಗಲೆಂದು ಕಾದಳು. ಪಟ್ಟಿಯ ಗುರುತು ಮಾಸಿತು; ಗಂಟು ಬೆಳೆಯಿತು. ಕೊನೆಗೆ ಆಸ್ಪತ್ರೆಗೆ ಹೋದಳು. ಪರೀಕ್ಷೆಗಳೆಲ್ಲ ಮುಗಿದಾಗ ಡಾಕ್ಟರಮ್ಮ ಸ್ತನದ ಕ್ಯಾನ್ಸರ್ ಎಂದರು.

ಸೀಟಿಯಕ್ಕನಿಗೆ ಆ ಹೆಸರು ಹೊಸದಲ್ಲ. ಅವಳ ತಾಯಿಗೆ ಅರವತ್ತೈದರಲ್ಲಿ ಅದೇ ಬಂದು, ಆಪರೇಷನ್ ಆಗಿ, ದಿನಕ್ಕೊಂದು ಮಾತ್ರೆ ನುಂಗುತ್ತ ಮುದುಕಿ ಮತ್ತೆ ಮನೆಯವರನ್ನೆಲ್ಲ ಗದರಿಸುತ್ತಿದ್ದಳು.

"ಅಮ್ಮನಿಗೆ ಆ ವಯಸ್ಸಲ್ಲೇ ವಾಸಿಯಾಯ್ತು. ನನಗಿನ್ನೂ ಮೂವತ್ಮೂರು, ನಾನು ಗಟ್ಟಿ ಅಲ್ವಾ? ಅವರಿಗೆ ಮಾಡಿದ್ದನ್ನೇ ನನಗೂ ಮಾಡಿಬಿಡಿ. ರಜ ಜಾಸ್ತಿ ಇಲ್ಲ."

"ನೀವು ಗಟ್ಟಿ, ನಿಜ," ಎಂದರು ಡಾಕ್ಟರಮ್ಮ. "ಗಡ್ಡೆಯೂ ಗಟ್ಟಿಗಿತ್ತಿ. ಚಿಕ್ಕ ವಯಸ್ಸಲ್ಲಿ ಇದು ಬರೋದು ಕಡಿಮೆ. ಬಂದ್ರೆ ಎಷ್ಟೋ ಸಲ ಬೇಗ ಬೆಳೆಯೋ ಜಾತಿ. ಈ ವಯಸ್ಸಲ್ಲಿ ಯಾರಿಗೂ ಅನುಮಾನ ಬರಲ್ಲ, ಅದಕ್ಕೇ ಗೊತ್ತಾಗೋದೂ ತಡ. ಅಮ್ಮನ ಗಡ್ಡೆ ಮಾತ್ರೆಗೆ ಬಗ್ಗೋ ಜಾತಿ. ನಿಮ್ಮದು ಬಗ್ಗಲ್ಲ. ಮೊದಲು ಕೀಮೋ, ಆಮೇಲೆ ಆಪರೇಷನ್."

"ಹಾಗಾದ್ರೆ ವಯಸ್ಸು ಚಿಕ್ಕದಾದ್ರೆ ಕಥೆ ಮುಗೀತು ಅನ್ನಿ."

"ಹಾಗಲ್ಲಮ್ಮ. ವಯಸ್ಸೊಂದೇ ಎಲ್ಲವನ್ನೂ ಹೇಳಲ್ಲ. ಗಡ್ಡೆ ಯಾವ ಜಾತಿ, ಎಷ್ಟು ಹರಡಿದೆ ಅನ್ನೋದು ಮುಖ್ಯ. ಕಂಕುಳಿಗೆ ಬಂದಿದೆ, ಮುಂದಕ್ಕೆ ಹೋಗಿಲ್ಲ. ವಾಸಿ ಮಾಡೋ ಪ್ರಯತ್ನಕ್ಕೆ ಇನ್ನೂ ದಾರಿ ಇದೆ. ತಡ ಮಾತ್ರ ಬೇಡ."

ಅವಳು ಸರಕ್ಕನೆ ಎದ್ದು ಹೊರಬಿದ್ದಳು. ಬಾಗಿಲಲ್ಲಿ ಗುಂಪುಗಟ್ಟಿದ್ದ ರೋಗಿಗಳನ್ನು ಕಂಡು, "ಮುಂದೆ ಹೋಗ್ರೀ, ಮುಂದೆ ಜಾಗ ಇದೆ," ಎಂದು ಬಾಯಿ ತನ್ನಷ್ಟಕ್ಕೆ ಅಂದುಬಿಟ್ಟಿತು.

ಮನೆಯಲ್ಲೂ ಕಾಲು ನಿಲ್ಲಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಇಸ್ತ್ರಿ ಮಾಡಿದ್ದ ಸಮವಸ್ತ್ರಕ್ಕೇ ಮತ್ತೆ ಇಸ್ತ್ರಿ ಹಾಕತೊಡಗಿದಳು. ತಾಯಿ ಒಣಗಿದ ಬಟ್ಟೆ ಮಡಿಸುತ್ತ ನೋಡುತ್ತಿದ್ದಳು.

"ಎಲ್ಲಿಗೇ ಸವಾರಿ?"

"ನಾಳೆ ಡ್ಯೂಟಿಗೆ. ಆಸ್ಪತ್ರೆ ಆಮೇಲೆ ನೋಡೋಣ. ನಿನ್ನನ್ನೇ ಏನೂ ಮಾಡದ ಕಾಯಿಲೆ ನನ್ನನ್ನೇನು ಮಾಡುತ್ತೆ?"

ಮುದುಕಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ನನ್ನ ಕಾಯಿಲೆ ನನ್ನ ಹಾಗೇ ಇತ್ತು ಕಣೇ. ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತೋದು. ನಿಂದು ನಿನ್ನ ಹಾಗೆ. ನೀನು ಯಾವತ್ತಾದ್ರೂ ಒಂದು ಕಡೆ ಕೂತಿದ್ದೀಯಾ?"

ಸೀಟಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ನಿಂತಲ್ಲೇ ನೆಲದ ಮೇಲೆ ಕೂತಳು. "ರಜ ಬರೀತೀನಿ," ಎಂದಳು.

ಕೂದಲು ಉದುರಿದ್ದಕ್ಕಿಂತ, ಡ್ರಿಪ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂರುವುದೇ ಅವಳಿಗೆ ದೊಡ್ಡ ಶಿಕ್ಷೆಯಾಯಿತು. ಬಾಟಲಿಯ ಕಂಬವನ್ನು ತಳ್ಳಿಕೊಂಡು ವಾರ್ಡಿನ ತುಂಬ ಅಲೆದಾಡಿದಳು. "ಇವರಿಗೊಂದು ರೂಟು ಕೊಟ್ಟುಬಿಡಿ," ಎಂದು ನರ್ಸಮ್ಮ ನಕ್ಕರು.

ಆಪರೇಷನ್ನೂ ಮುಗಿದು, ಈಗ ಸೀಟಿಯಕ್ಕ ಮತ್ತೆ ಬಸ್ಸಿನಲ್ಲಿದ್ದಾಳೆ. ಕೂದಲು ಗುಂಗುರಾಗಿ ಬಂದಿದೆ, ಚೀಲ ಬಲ ಹೆಗಲಿನಲ್ಲಿದೆ. ಆಸ್ಪತ್ರೆಯ ತಪಾಸಣೆ ಹತ್ತಿರವಾದಾಗ ಜನ ಇಳಿಯುವ ಮೊದಲೇ ಸೀಟಿ ಊದಿ ಬೈಸಿಕೊಳ್ಳುತ್ತಾಳೆ. "ಈಗ ಏನೂ ಕಾಣ್ತಿಲ್ಲ" ಎನ್ನುವ ಡಾಕ್ಟರಮ್ಮ, ಇನ್ನು ಬರುವುದೇ ಇಲ್ಲ ಎಂದು ಹೇಳುವುದಿಲ್ಲ.

ಮೊನ್ನೆ ಡಿಪೋದಲ್ಲಿ, ಹೊಸದಾಗಿ ಸೇರಿದ ಕಂಡಕ್ಟರ್ ಹುಡುಗಿಯೊಬ್ಬಳು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

"ಪಟ್ಟಿ ಒತ್ತಿ ಗಂಟಾಗಿದೆ ಅಕ್ಕ. ಹೋಗುತ್ತೆ ಬಿಡಿ. ನಂಗಿನ್ನೂ ಇಪ್ಪತ್ತಾರು."

ಸೀಟಿಯಕ್ಕ ಆ ಚೀಲವನ್ನು ಅವಳ ಹೆಗಲಿಂದ ಇಳಿಸಿಬಿಟ್ಟಳು.

ಇವತ್ತು ಇಬ್ಬರೂ ರಜ ಹಾಕಿ ಡಾಕ್ಟರಮ್ಮನ ಕೋಣೆಯ ಹೊರಗಿದ್ದಾರೆ. "ಅಕ್ಕ, ನಿಮ್ಮನ್ನ ನೋಡಿ ನಂಗೆ ತಲೆ ತಿರುಗುತ್ತೆ, ಸ್ವಲ್ಪ ಕೂತ್ಕೊಳ್ಳಿ," ಎನ್ನುತ್ತಾಳೆ ಹುಡುಗಿ. "ನೀನು ಕೂತ್ಕೋ. ಹೆಚ್ಚಿನ ಗಂಟುಗಳು ಏನೂ ಆಗಿರಲ್ಲ. ಅದನ್ನ ಅವರ ಬಾಯಲ್ಲೇ ಕೇಳಿ ಹೋಗೋಣ," ಎಂದು ಸೀಟಿಯಕ್ಕ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇದ್ದಾಳೆ.