ಮಾದಪ್ಪನವರು ಗುಡಿಸಿದ ಹೆಜ್ಜೆಗಳು

೧೯೬೩ ಜನವರಿ ೬, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಮಾದಪ್ಪನವರು ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಚಾಮುಂಡಿ ಬೆಟ್ಟದ ಬುಡದ ಕಾಲುದಾರಿಯಲ್ಲಿ, ಬಿಸಿಲೇರುವ ಮೊದಲು, ಬಂದರೆ ಎಂಬ ಕುರುಚಲು ಗಿಡದ ಕೊಂಬೆಯೊಂದರಿಂದ ದೂಳು ಗುಡಿಸುತ್ತ, ಗುಡಿಸಿದ ಜಾಗವನ್ನೇ ದಿಟ್ಟಿಸುತ್ತ ಹಿಂದೆ ಸರಿಯುತ್ತಿದ್ದರು. ಕಾಡಿನ ದಾರಿಯನ್ನು ಯಾರಾದರೂ ಗುಡಿಸುತ್ತಾರೆಯೇ? ನನಗೆ ಮೊದಲು ಅನುಮಾನ ಬಂದದ್ದು ಅಲ್ಲಿ.

ಲಕ್ಷ್ಮೀಪುರದಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯ ತೋಟದ ಕೆಲಸ ಅವರದು. ಅದಕ್ಕೂ ಮೊದಲು ಮೂವತ್ತು ವರ್ಷ ಬೇಟೆಯವರಿಗೆ ಹೆಜ್ಜೆ ನೋಡಿ ದಾರಿ ತೋರಿಸುತ್ತಿದ್ದರಂತೆ. ಕಿವಿಯ ಮೇಲೆ ಸದಾ ಒಂದು ಬೀಡಿ. ಬೆಟ್ಟದ ಕಡೆ ಹೋದಾಗ ಮಾತ್ರ ಅದನ್ನು ಹಚ್ಚುತ್ತಿರಲಿಲ್ಲ. ಎಲ್ಲಿಗೆ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಇಲ್ಲೇ ಕಣ್ರೀ."

ನಾನು ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗಿನ ಓಡಾಟದಲ್ಲಿ ಕಂಡ ಚಿರತೆಯ ಹೆಜ್ಜೆಗಳನ್ನು ಬರೆದಿಡುವುದು ನನ್ನ ಹವ್ಯಾಸವಾಗಿತ್ತು: ತಾರೀಖು, ಗಂಟೆ, ಜಾಗ, ಅಡಿಕೋಲಿಟ್ಟು ಅಳೆದ ಅಗಲ. ೧೯೬೧ರ ಚಳಿಗಾಲದಲ್ಲಿ ಮೂವತ್ತೆಂಟು ಗುರುತು ಸಿಕ್ಕವು. ಹದಿನೇಳು ಪೂರ್ವದ ಹಳ್ಳದಲ್ಲಿ. ಉಳಿದವು ಅಲ್ಲಲ್ಲಿ, ಹೆಚ್ಚಾಗಿ ಕಲ್ಲುಬಂಡೆಗಳ ಕಡೆ. ಅಲ್ಲಿ ಎರಡು ಸಲ ದೊಡ್ಡ ಹೆಜ್ಜೆಯ ಪಕ್ಕ ಪುಟ್ಟ ಹೆಜ್ಜೆಗಳೂ ಇದ್ದವು. ಮರಿಗಳಿವೆ ಎಂದು ಸಂತೋಷಪಟ್ಟೆ. ಮಾರನೆಯ ದಿನ ಹೋದರೆ ಎಲ್ಲ ನುಣ್ಣಗೆ ಗುಡಿಸಿಹೋಗಿತ್ತು.

ಅದೇ ವಾರ ಮಾದಪ್ಪನವರ ಗುಡಿಸಲಿನ ಮುಂದೆ ಕೋವಿ ಹಿಡಿದವರ ಜೀಪೊಂದು ನಿಂತದ್ದನ್ನು ಎರಡು ಸಲ ಕಂಡೆ. ನನ್ನ ಲೆಕ್ಕಾಚಾರ ಮುಗಿಯಿತು. ಮುದುಕ ಹೆಜ್ಜೆಗಳನ್ನು ಬೇರೆಯವರಿಗೆ ಕಾಣದಂತೆ ಅಳಿಸಿ, ಗುಟ್ಟನ್ನು ಜೀಪಿನವರಿಗೆ ಹೇಳುತ್ತಿದ್ದಾನೆ! ಈ ಮರಿಗಳು ಬದುಕುವುದಿಲ್ಲ.

ಯಾರಿಗಾದರೂ ತಿಳಿಸಲೇಬೇಕಿತ್ತು. ನಮ್ಮ ಹೆಡ್ ಗುಮಾಸ್ತರಿಗೆ ದೊಡ್ಡವರ ಪರಿಚಯವಿತ್ತು. ಪುಸ್ತಕ ತೋರಿಸಿ ಎಲ್ಲ ಹೇಳಿದೆ. "ಅಚ್ಚುಕಟ್ಟಾಗಿ ಬರ್ದಿದ್ದೀರಪ್ಪ. ಇಟ್ಟೋಗಿ, ನೋಡೋಣ" ಎಂದರು. ಶುಕ್ರವಾರ ಪುಸ್ತಕ ಹಿಂದಕ್ಕೆ ಬಂತು. ಪೂರ್ವದ ಹಳ್ಳದ ಪುಟದ ಮೂಲೆ ಮಡಿಸಿತ್ತು. ಶನಿವಾರಕ್ಕೆ ಅವರು ರಜೆ ಹಾಕಿದ್ದರು. ಜವಾನ ನಗುತ್ತ ಹೇಳಿದ: "ಸಾಹೇಬ್ರು ಮೇಕೆ ಮರಿ ತಂದವ್ರೆ ಸಾರ್, ಕೋವಿ ಒರೆಸ್ತಾ ಕೂತವ್ರೆ. ಲೈಸೆನ್ಸ್ ಐತಲ್ಲ!"

ನೇರವಾಗಿ ಮಾದಪ್ಪನವರ ಬಳಿ ಓಡಿದೆ. ಗುಲಾಬಿ ಗಿಡಕ್ಕೆ ಪಾತಿ ಮಾಡುತ್ತಿದ್ದರು. ಅವರ ಮೇಲೆ ನಾನು ಪಟ್ಟ ಸಂಶಯವನ್ನೂ ಬಿಡದೆ ಎಲ್ಲ ಒಪ್ಪಿಸಿದೆ.

"ಓದಿ" ಎಂದರು. ಮೂವತ್ತೆಂಟನ್ನೂ ಓದಿದೆ. ಬಂಡೆಗಳ ಹೆಸರು ಬಂದಾಗಲೆಲ್ಲ ಅವರ ದವಡೆ ಬಿಗಿಯುತ್ತಿತ್ತು.

"ಯಾವ್ ಪುಟ ಮಡಿಸವ್ರೆ?"

"ಪೂರ್ವದ ಹಳ್ಳ."

"ಅಗಲ ಎಷ್ಟು ಬರ್ದಿದ್ದೀರಿ?"

"ಮೂರೂಕಾಲು ಇಂಚು. ಹದಿನೇಳೂ ಅಷ್ಟೇ."

"ಒಂದ್ ಸಲಾನಾದ್ರೂ ಎಚ್ಚುಕಮ್ಮಿ ಬರ್ಲಿಲ್ವಾ, ಬುದ್ಧಿ?"

ಇಲ್ಲವೆಂದೆ, ನನ್ನ ಅಳತೆಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಮಾದಪ್ಪನವರು ಪಾತಿಯ ಹಸಿಮಣ್ಣಿನಲ್ಲಿ ಮುಷ್ಟಿ ಒತ್ತಿದರು. ಅದರ ಮುಂದೆ ಹೆಬ್ಬೆರಳಿನಿಂದ ನಾಲ್ಕು ಬೊಟ್ಟು ಇಟ್ಟರು. ನನ್ನ ಕೈಯಲ್ಲಿದ್ದ ಅಡಿಕೋಲನ್ನು ಕಣ್ಣಿನಲ್ಲೇ ತೋರಿಸಿ, "ಅಳೀರಿ" ಎಂದರು. ಮೂರೂಕಾಲು.

"ಎಲ್ಡ್ ದಿನ ಕೂತ್ಕೊಳ್ಳಿ ನಿಮ್ಮ ಸಾಹೇಬ್ರು. ಮೇಕೆ ಮರಿಗೂ ಜೊತೆ ಆಯ್ತದೆ" ಎಂದು ಮೊದಲ ಬಾರಿಗೆ ನಕ್ಕರು.

ಜೀಪಿನವರೂ ಅದೇ ಹಳ್ಳದಲ್ಲಿ ಕೂತು ಹೋದವರಂತೆ. "ಬೇಡ ಅಂದ್ರೆ ಬೇರೆಯೋನ್ನ ಕರ್ಕೊಂಡ್ ಬತ್ತಾರೆ. ಅದ್ಕೇ ಆ ಹಳ್ಳಾನ ನಾನೇ ತೋರಿಸ್ಬುಟ್ಟೆ" ಎಂದರು. ಈ ಉಸಾಬರಿ ನಿಮಗೇಕೆ ಎಂದು ಕೇಳಿದೆ. ಮಣ್ಣು ಕೊಡವಿಕೊಂಡು ಹೇಳಿದರು: "ಮೂವತ್ತು ವರ್ಷ ತೋರ್ಸಿದ್ದೀನಿ ಬುದ್ಧಿ. ನಾನು ತೋರ್ಸಿದ್ ಕಾಲು ಒಂದೂ ತಿರ್ಗಾ ನಡೀಲಿಲ್ಲ."

ಸೋಮವಾರ ಹೆಡ್ ಗುಮಾಸ್ತರು ಸೀನುತ್ತ ಬಂದರು. ಹಳ್ಳದ ಚಳಿಯಷ್ಟೇ ಅವರಿಗೆ ಸಿಕ್ಕಿತ್ತು. ಇಂದಿಗೂ ನಾನು ಬೇಕೆಂದೇ ದಾರಿ ತಪ್ಪಿಸಿದೆನೆಂದು ಅವರ ನಂಬಿಕೆ.

ನಾನೇ ಮಾದಪ್ಪನವರನ್ನು ಪೂರ್ತಿ ನಂಬಿದೆನೆಂದು ಹೇಳಲಾರೆ. ಜೀಪಿನವರ ವಿಷಯದಲ್ಲಿ ಅವರ ಮಾತಲ್ಲದೆ ನನಗೆ ಬೇರೆ ಸಾಕ್ಷಿಯಿಲ್ಲ. ಹದಿನೇಳು ಅವರ ಮುಷ್ಟಿಯದಾದರೆ ಉಳಿದ ಇಪ್ಪತ್ತೊಂದು? ೧೯೬೨ರ ಯುಗಾದಿಯ ಮಾರನೆಯ ದಿನ, ಅವರ ಗುಡಿಸಲ ಮುಂದೆ ನಿಂತು ಅದನ್ನೇ ಕೇಳಿದೆ. ಯಾವುದು ನಿಜ, ಯಾವುದು ನಿಮ್ಮದು?

ಅವರು ನನ್ನ ಜೇಬಿನ ಪೆನ್ನು ನೋಡಿದರು. "ಏಳ್ಬುಟ್ರೆ ಬರ್ಕೋತೀರಲ್ಲ."

ಅವರು ನನ್ನೊಡನೆ ಆಡಿದ ಕಡೆಯ ಮಾತು ಇದು. ಮುಂದಿನ ವಾರ ಗುಡಿಸಲಿಗೆ ಬೀಗ ಬಿದ್ದಿತ್ತು. ಪಕ್ಕದ ಗುಡಿಸಲಿನ ಹೆಂಗಸು, "ಮಗಳ ಊರ್ಗೆ ಓಗವ್ರೆ ಕಣಪ್ಪ" ಎಂದಳು. ಯಾವ ಊರೆಂದು ಅವಳಿಗೂ ಹೇಳಿರಲಿಲ್ಲ. ಆಮೇಲೆ ಒಂಬತ್ತು ಭಾನುವಾರ ಬಂಡೆಗಳ ಕಡೆ ಹೋಗಿಬಂದೆ. ಏನು ಕಂಡೆನೆಂಬುದನ್ನು ಪುಸ್ತಕದಲ್ಲಿ ಬರೆದಿಲ್ಲ.

ಮಾದಪ್ಪನವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಬಲ್ಲವರು ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಬೆಟ್ಟದಲ್ಲಿ ತಾಯಿಯನ್ನೂ ಮರಿಗಳನ್ನೂ ಕಂಡವರಿದ್ದರೆ, ಕಂಡೆವು ಎಂದಷ್ಟೇ ತಿಳಿಸಿ. ಜಾಗ ಬರೆಯಬೇಡಿ.